ಸಿಂಗಲೀಲಾ: ಏರಿದಷ್ಟೂ ಹಿಂದೆ ಸರಿಯುವ ವಸಂತ

ಮಾನೇಭಂಜಾಂಗ್‌ನಿಂದ ಸಂದಕ್‌ಫುವಿಗೆ 31 ಕಿಲೋಮೀಟರ್. 1950ರ ದಶಕದ ಲ್ಯಾಂಡ್ ರೋವರ್ ಜೀಪುಗಳು ಇವತ್ತಿಗೂ ಆ ದಾರಿಯಲ್ಲಿ ಏದುಸಿರು ಬಿಡುತ್ತ ಹತ್ತುತ್ತವೆ. ಬೆಳಿಗ್ಗೆ ಹೊರಟವರು ಊಟದ ಹೊತ್ತಿಗೆ ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗದಲ್ಲಿ ಕೂತು ಮ್ಯಾಗಿ ತಿನ್ನಬಹುದು. ಹಿಮಶಿಖರ ನೋಡುವುದಷ್ಟೇ ಉದ್ದೇಶವಾದರೆ ಜೀಪೇ ಸಾಕು, ಕಾಲು ನೋಯಿಸಿಕೊಳ್ಳಬೇಕಾಗಿಲ್ಲ. ಗಿಡ, ಹಕ್ಕಿ, ಹಿಕ್ಕೆಗಳನ್ನು ನೋಡುವವರಿಗೆ ಮಾತ್ರ ನಡಿಗೆಯನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ತುಮ್ಲಿಂಗ್‌ನಲ್ಲಿ ಒಂದು ರಾತ್ರಿ, ಕಾಲಿಪೋಖ್ರಿಯಲ್ಲಿ ಒಂದು ರಾತ್ರಿ, ಹೀಗೆ ತಂಗುಮನೆಯಿಂದ ತಂಗುಮನೆಗೆ ಹೋಗುವಾಗ ಪ್ರತಿ ಎತ್ತರದಲ್ಲೂ ಒಂದು ಮುಸ್ಸಂಜೆ, ಒಂದು ಬೆಳಗಿನ ಜಾವ ಕೈಗೆ ಸಿಗುತ್ತವೆ. ಕಾಡು ಮಾತಾಡುವುದು ಆ ಎರಡು ಹೊತ್ತಿನಲ್ಲಿ.

ಕಾಂಚನಜುಂಗಾ ಕಡೆಯಿಂದ ದಕ್ಷಿಣಕ್ಕೆ ಇಳಿದುಬಂದ ಉದ್ದನೆಯ ಏಣು ಈ ಸಿಂಗಲೀಲಾ. ಅದರ ನೆತ್ತಿಯ ಮೇಲೆಯೇ ಭಾರತ–ನೇಪಾಳದ ಗಡಿ ಹಾದುಹೋಗಿದೆ. ಬೇಲಿ ಇಲ್ಲ, ಅಲ್ಲಲ್ಲಿ ಬಿಳಿ ಕಂಬಗಳಿವೆ ಅಷ್ಟೆ. ಚಹಾ ಕುಡಿಯುವುದು ನೇಪಾಳದಲ್ಲಿ, ಗುರುತಿನ ಚೀಟಿ ತೋರಿಸುವುದು ಭಾರತದ ಸಶಸ್ತ್ರ ಸೀಮಾ ಬಲದ ಠಾಣೆಯಲ್ಲಿ, ರಾತ್ರಿ ಮಲಗುವುದು ಮತ್ತೆ ನೇಪಾಳದಲ್ಲಿ. ಏಣಿನ ಭಾರತದ ಮಗ್ಗುಲು 1986ರಲ್ಲಿ ವನ್ಯಧಾಮವಾಗಿ 1992ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಎಂಬತ್ತು ಚದರ ಕಿಲೋಮೀಟರಿಗೂ ಕಡಿಮೆ ಜಾಗ; ನಮ್ಮ ನಾಗರಹೊಳೆಯ ಒಂದು ಮೂಲೆಯಲ್ಲಿ ಹಿಡಿಸಿಬಿಡುತ್ತದೆ. ಒಳಗೆ ಹೋಗಲು ಊರಿನ ಗೈಡ್ ಜೊತೆಗಿರಬೇಕೆಂಬ ನಿಯಮವಿದೆ. ನಮಗೆ ಸಿಕ್ಕವರು ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಎಲ್ಲರೂ ಅವರನ್ನು ದಾಜು, ಅಂದರೆ ಅಣ್ಣ, ಎನ್ನುತ್ತಿದ್ದರು. ನಾವೂ ಹಾಗೇ ಕರೆದೆವು.

ಅಮೆರಿಕದ ಕೀಟತಜ್ಞ ಹಾಪ್ಕಿನ್ಸ್ 1918ರಲ್ಲಿ ಒಂದು ಲೆಕ್ಕ ಕೊಟ್ಟಿದ್ದ. ವಸಂತದಲ್ಲಿ 400 ಅಡಿ ಮೇಲೇರಿದರೆ ಚಿಗುರು, ಹೂ ಎಲ್ಲ ನಾಲ್ಕು ದಿನ ತಡ. ಅದು ಅವನ ದೇಶದ ಲೆಕ್ಕ, ಹಿಮಾಲಯಕ್ಕೆ ಅಕ್ಷರಶಃ ಹೊಂದಬೇಕಿಲ್ಲ. ಆದರೂ ಏಪ್ರಿಲ್ ಕೊನೆಯ ವಾರದಲ್ಲಿ ಈ ಏಣನ್ನು ಏರುವಾಗ ನೋಟ್‌ಬುಕ್ಕಿನಲ್ಲಿ ಇದನ್ನೊಂದು ಬರೆದಿಟ್ಟುಕೊಂಡಿರಬೇಕು. ತುಮ್ಲಿಂಗ್ ಸುಮಾರು 2,900 ಮೀಟರ್, ಸಂದಕ್‌ಫು 3,636. ಹಾಪ್ಕಿನ್ಸನ ಲೆಕ್ಕ ಹಿಡಿದರೆ ನಡುವೆ ಮೂರು ವಾರಕ್ಕೂ ಹೆಚ್ಚಿನ ಅಂತರ. ಅಂದರೆ ಹೆಜ್ಜೆ ಮುಂದಕ್ಕೆ ಹೋದಷ್ಟೂ ಪಂಚಾಂಗ ಹಿಂದಕ್ಕೆ ಹೋಗುತ್ತದೆ. ಜೀಪಿನಲ್ಲಿ ಹೋದರೆ ಇದು ಗೊತ್ತೇ ಆಗುವುದಿಲ್ಲ.

ಚಿತ್ರೆಯ ಗೊಂಪಾ ದಾಟಿ ಮೇಘ್ಮಾ ಕಡೆಗೆ ಹೋಗುವಾಗ ಮೊದಲ ಪುರಾವೆ ಸಿಕ್ಕಿತು. ದಾರಿಯ ಮೇಲೆ ಅಂಗೈಯಗಲದ ಗುಲಾಬಿ ಬಣ್ಣದ ದಪ್ಪ ದಳಗಳು ಬಿದ್ದು ಕಂದು ತಿರುಗಿದ್ದವು. ಮ್ಯಾಗ್ನೋಲಿಯಾ ಕ್ಯಾಂಪ್ಬೆಲ್ಲಿ, ಇಲ್ಲಿಯವರ ಮಾತಿನಲ್ಲಿ ಘೋಗೆ ಚಾಂಪ್. ಎಲೆ ಬರುವ ಮೊದಲೇ ಹೂ ಬಿಡುವ ಮರ. ಕೆಳಗೆ ಹೂ ಮುಗಿದು ಎಲೆ ಬಿಚ್ಚಿಕೊಳ್ಳುತ್ತಿತ್ತು. ಒಂದಿಷ್ಟು ಮೇಲೆ ಹೋದಾಗ ಬೋಳು ಕೊಂಬೆಯ ತುದಿಯಲ್ಲಿ ನಾಲ್ಕಾರು ಹೂಗಳು ಇನ್ನೂ ಇದ್ದವು. ಡಾರ್ಜಿಲಿಂಗ್‌ನ ಸೂಪರಿಂಟೆಂಡೆಂಟ್ ಆಗಿದ್ದ ಆರ್ಚಿಬಾಲ್ಡ್ ಕ್ಯಾಂಪ್ಬೆಲ್‌ನ ಹೆಸರನ್ನು ಇದಕ್ಕಿಟ್ಟವನು ಜೋಸೆಫ್ ಹುಕರ್. 1848ರಲ್ಲಿ ಡಾರ್ಜಿಲಿಂಗ್‌ಗೆ ಬಂದ ಹುಕರ್ ಆ ಮೇ ತಿಂಗಳಲ್ಲೇ ಇದೇ ಏಣಿನ ಟೊಂಗ್ಲುವಿಗೆ ಹತ್ತಿದ್ದ. ಗೆಳೆಯರ, ಆಶ್ರಯ ಕೊಟ್ಟವರ, ದೊಡ್ಡವರ ಹೆಂಡಂದಿರ ಹೆಸರೆಲ್ಲ ಈ ಬೆಟ್ಟದ ಗಿಡಗಳಿಗೆ ಅಂಟಿಕೊಂಡದ್ದು ಹಾಗೆ. ಫಾಲ್ಕನರ್, ಹಾಡ್ಜ್‌ಸನ್, ಲೇಡಿ ಡಾಲ್‌ಹೌಸಿ. ಗಿಡ ಹೊತ್ತು ತಂದ ಲೆಪ್ಚಾಗಳ ಹೆಸರು ಯಾವುದಕ್ಕೂ ಇಲ್ಲ ಎಂಬುದು ನೆನಪಾದಾಗ ಈ ಲ್ಯಾಟಿನ್ ಹೆಸರುಗಳ ಮೇಲಿನ ಪ್ರೀತಿ ಸ್ವಲ್ಪ ಇಳಿಯುತ್ತದೆ.

ತುಮ್ಲಿಂಗ್‌ನಲ್ಲಿ ಗುರಾಂಸ್ ತುಂಬು ಹೂವಿನಲ್ಲಿತ್ತು. ರೋಡೋಡೆಂಡ್ರಾನ್ ಆರ್ಬೋರಿಯಮ್, ಕಡುಗೆಂಪು. ದಕ್ಷಿಣದಲ್ಲಿ ಈ ಕುಲಕ್ಕೆ ಸೇರಿದ್ದು ಒಂದೇ ಒಂದು ಇದೆ. ನೀಲಗಿರಿ, ಪಳನಿಯ ಶೋಲಾ ಅಂಚುಗಳಲ್ಲಿ ಗಂಟುಗಂಟು ಕಾಂಡದ ಮೇಲೆ ಕೆಂಪು ಹೂ ಬಿಡುವ ಮರ. ಇದೇ ಆರ್ಬೋರಿಯಮ್‌ನ ಹತ್ತಿರದ ಬಂಧು. ನಡುವೆ ಸುಡುವ ಬಯಲು ಇಷ್ಟೊಂದು ಇರುವಾಗ ಅದು ಅಲ್ಲಿಗೆ ಹೋದದ್ದು ಹೇಗೆಂಬುದು ಹಳೆಯ ಪ್ರಶ್ನೆ. ಹಿಮಯುಗದ ತಂಪಿನಲ್ಲಿ ಕೆಳಗಿನ ಗುಡ್ಡಗಳಲ್ಲೂ ಹಬ್ಬಿದ್ದ ಗಿಡಗಳು, ಸೆಕೆ ಮರಳಿದಾಗ ಎತ್ತರದಲ್ಲಿ ಸಿಕ್ಕಿಹಾಕಿಕೊಂಡು ಉಳಿದವು ಎನ್ನುವವರಿದ್ದಾರೆ. ಊಟಿಯ ಆಚೆ ಅದನ್ನು ಒಂಟಿಯಾಗಿ ನೋಡಿದವರಿಗೆ ಇಲ್ಲಿ ಇಡೀ ಇಳಿಜಾರು ಕೆಂಪಾಗಿರುವುದು ಕಂಡಾಗ ಸ್ವಲ್ಪ ಹೊತ್ತು ಏನೂ ಬರೆಯಲು ತೋಚುವುದಿಲ್ಲ.

ಹೂವಿನ ಬುಡದೊಳಗೆ ಬೆರಳಿಟ್ಟು ನೋಡಿದೆ. ಒಳಗೆ ಕಪ್ಪುಗೆಂಪು ಚೀಲಗಳ ಸಾಲು, ಪ್ರತಿಯೊಂದರಲ್ಲೂ ತೆಳ್ಳನೆಯ ಮಕರಂದದ ಹನಿ. ಇಷ್ಟು ಧಾರಾಳ ಮಕರಂದ, ಇಷ್ಟು ಕೆಂಪು ಬಣ್ಣ, ವಾಸನೆ ಮಾತ್ರ ಇಲ್ಲವೇ ಇಲ್ಲ. ಕರೆ ಹೋಗುತ್ತಿರುವುದು ಹಕ್ಕಿಗಳಿಗೆ. ಹತ್ತು ನಿಮಿಷ ಕೂತರೆ ಹಸಿರು ಬಾಲದ ಸೂರಕ್ಕಿಯೂ ಯುಹಿನಾಗಳ ಗುಂಪೂ ಬಂದು ಹೋದವು. ಯುಹಿನಾಗಳ ಹಣೆ ಪರಾಗದಿಂದ ಹಳದಿಯಾಗಿತ್ತು.

ತುಮ್ಲಿಂಗ್‌ನಿಂದ ಗೈರಿಬಾಸ್‌ಗೆ ದಾರಿ ಇಳಿಯುತ್ತದೆ, ಮುನ್ನೂರು ಮೀಟರಿನಷ್ಟು. ಚಾರಣಿಗರಿಗೆ ಇದು ಬೇಸರ, ಹತ್ತಿದ್ದನ್ನು ಇಳಿದು ಮತ್ತೆ ಹತ್ತಬೇಕಲ್ಲ ಎಂದು. ನೋಟ್‌ಬುಕ್ಕಿಗೆ ಇದೇ ಒಳ್ಳೆಯ ಭಾಗ. ಒಂದೆರಡು ಗಂಟೆಯಲ್ಲಿ ವಸಂತ ಮತ್ತೆ ಮುಂದಕ್ಕೋಡುತ್ತದೆ: ಮೇಲೆ ಬಿರಿಯುತ್ತಿದ್ದ ಗುರಾಂಸ್ ಇಲ್ಲಿ ನೆಲ ತುಂಬಿತ್ತು, ಓಕ್ ಮರಗಳು ತಾಮ್ರವರ್ಣದ ಚಿಗುರು ಹೊತ್ತಿದ್ದವು, ತೇವದ ಎಲೆಗೊಬ್ಬರದಿಂದ ಅರಿಸೀಮಾದ ಹೆಡೆಗಳು ಎದ್ದಿದ್ದವು. ಈ ಅರಿಸೀಮಾ ವಿಚಿತ್ರ ಗಿಡ. ಗೆಡ್ಡೆ ಚಿಕ್ಕದಿರುವ ವರ್ಷ ಗಂಡು ಹೂ ಬಿಡುತ್ತದೆ, ಗೆಡ್ಡೆ ದಪ್ಪವಾದ ವರ್ಷ ಹೆಣ್ಣಾಗುತ್ತದೆ. ಕಾಯಿ ಕಟ್ಟಿ ಸೊರಗಿದರೆ ಮತ್ತೆ ಗಂಡು.

ಗೈರಿಬಾಸ್ ದಾಟಿ ಕೈಯಾಕಟಾ ಕಡೆಗಿನ ಏರಿನಲ್ಲಿ ಮಾಲಿಂಗೊ ಶುರುವಾಗುತ್ತದೆ. ಹೆಬ್ಬೆರಳಿಗಿಂತ ತುಸು ದಪ್ಪದ, ಆಳೆತ್ತರ ಮೀರಿದ ಸಣ್ಣ ಬಿದಿರು. ಎಷ್ಟು ಒತ್ತೆಂದರೆ ಎರಡು ಹೆಜ್ಜೆ ಒಳಗಿಟ್ಟವರು ಹಿಂದಿದ್ದವರಿಗೆ ಕಾಣುವುದಿಲ್ಲ. ಕೆಂಪು ಪಾಂಡಾದ ಅಡುಗೆಮನೆ, ಮಲಗುವ ಕೋಣೆ ಎಲ್ಲ ಇದೇ. ನಾನು ದುರ್ಬೀನು ಹಿಡಿದು ಮರಗಳ ಮೇಲೆ ಹುಡುಕುತ್ತಿದ್ದೆ. ದಾಜು ತಡೆದರು.

"ಸರ್, ಮೇಲೆ ಆಮೇಲೆ ನೋಡೋಣ. ಮೊದಲು ಕೆಳಗೆ ನೋಡಿ."

ಬಿದ್ದ ಮರದ ಕಾಂಡವೊಂದರ ಮೇಲೆ, ಪಾಚಿಯ ನಡುವೆ ಹಿಕ್ಕೆಯ ಗುಡ್ಡೆಯಿತ್ತು. ಕಿರುಬೆರಳುದ್ದದ, ಎರಡೂ ತುದಿ ಚೂಪಾದ ತುಂಡುಗಳು. ಕೆಲವು ಒಣಗಿ ಹುಲ್ಲಿನ ಬಣ್ಣಕ್ಕೆ ಬಂದಿದ್ದವು, ಮೇಲಿನ ಏಳೆಂಟು ಮಾತ್ರ ಹಸಿರು, ಒದ್ದೆ. ಪಾಂಡಾ ಎಲ್ಲೆಂದರಲ್ಲಿ ಹಿಕ್ಕೆ ಹಾಕುವುದಿಲ್ಲ, ಗೊತ್ತಾದ ಜಾಗಗಳಿಗೆ ಮತ್ತೆ ಮತ್ತೆ ಬರುತ್ತದೆ. ಒಂದನ್ನು ಕಡ್ಡಿಯಿಂದ ಬಿಡಿಸಿದೆ. ಕೊಳೆತ ವಾಸನೆ ಇಲ್ಲ, ಕೊಯ್ದ ಹುಲ್ಲಿನ ವಾಸನೆ. ಒಳಗಿದ್ದದ್ದು ಬಿದಿರೆಲೆಯ ಚೂರುಗಳು, ನಾರು ನಾರಾಗಿ, ಕೆಲವದರ ಅಂಚು, ನರ ಕೂಡ ಗುರುತು ಹಿಡಿಯುವಷ್ಟು ಇಡಿಯಾಗಿ. ವಿಷಯ ಇರುವುದೇ ಅಲ್ಲಿ. ಪಾಂಡಾದ ವಂಶ ಮಾಂಸಾಹಾರಿಗಳದ್ದು, ಕರುಳು ಕೂಡ ಅದೇ: ಗಿಡ್ಡ, ನೇರ. ದನದ ಹಾಗೆ ನಾಲ್ಕು ಕೋಣೆಯ ಜಠರವಿಲ್ಲ, ಮೆಲುಕು ಇಲ್ಲ. ತಿಂದ ಎಲೆಯಲ್ಲಿ ಮೂರನೇ ಒಂದು ಭಾಗವೂ ಮೈಗೆ ಹತ್ತುವುದಿಲ್ಲ, ಉಳಿದದ್ದೆಲ್ಲ ಹೀಗೆ ಹೊರಬೀಳುತ್ತದೆ. ಹಾಗಾಗಿ ಎಚ್ಚರವಿರುವ ಹೊತ್ತಿನ ಬಹುಪಾಲು ತಿನ್ನಬೇಕು, ಎಳೆಯ ಎಲೆಯನ್ನೇ ಆರಿಸಬೇಕು, ಉಳಿದ ಹೊತ್ತು ಮೈ ಅಲ್ಲಾಡಿಸದೆ ಶಕ್ತಿ ಉಳಿಸಬೇಕು.

ಹಸಿರು ಹಿಕ್ಕೆ ಬೆಳಗಿನದ್ದು, ಎಂದರೆ ಪ್ರಾಣಿ ದೂರ ಹೋಗಿರಲಿಕ್ಕಿಲ್ಲ. ದಾಜು ಸುತ್ತಲಿನ ದೊಡ್ಡ ಓಕ್ ಮರಗಳನ್ನು ಒಂದೊಂದಾಗಿ, ಬುಡದಿಂದ ತುದಿಯವರೆಗೆ ನೋಡುತ್ತ ಹೋದರು. ನಾವು ಕೂತೆವು. ಮಂಜು ಬಂತು, ಹೋಯಿತು, ಮತ್ತೆ ಬಂತು. ಅದರೊಳಗಿಂದ ಲಾಫಿಂಗ್‌ತ್ರಷ್‌ಗಳ ಗಲಾಟೆ ಕೇಳಿಸಿತು. ಬಹಳ ಹೊತ್ತಿನ ಮೇಲೆ ಅವರು ಬೆರಳು ತೋರದೆ ಬರೀ ಗಲ್ಲ ಎತ್ತಿ ಒಂದು ಕವಲು ತೋರಿಸಿದರು. ಅಲ್ಲಿ ಕೆಂಗಂದು ಪಾಚಿಯ ಮುದ್ದೆ ಇತ್ತು. ಈ ಕಾಡಿನ ಮರಗಳಿಗೆಲ್ಲ ಅಂಥ ಮುದ್ದೆಗಳು ಅಂಟಿಕೊಂಡೇ ಇರುತ್ತವೆ, ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ದುರ್ಬೀನು ನಿಲ್ಲಿಸಿ ನೋಡುತ್ತಿದ್ದಂತೆ ಆ ಪಾಚಿಗೆ ಉಂಗುರ ಉಂಗುರದ ಬಾಲವಿತ್ತು.

ಮೇಲಿನಿಂದ ನೋಡಿದರೆ ಕೆಂಪು, ಕೆಳಗಿನಿಂದ ನೋಡಿದರೆ ಕಪ್ಪು. ಹೊಟ್ಟೆ, ಕಾಲು ಪೂರ್ತಿ ಕಪ್ಪಾದ್ದರಿಂದ ಎಲೆಗಳ ನೆರಳಿನಲ್ಲಿ ಕರಗಿಹೋಗುತ್ತದೆ. ಕೊಂಬೆಯ ಮೇಲೆ ಬೋರಲು ಬಿದ್ದು ನಾಲ್ಕು ಕಾಲನ್ನೂ ಇಳಿಬಿಟ್ಟಿತ್ತು. ಅಂಗಾಲಿನ ತುಂಬ ಬಿಳಿ ರೋಮ, ಹಿಮದಲ್ಲಿ ನಡೆಯುವವರಿಗೆ ಬೇಕಾದ್ದೇ. ಒಮ್ಮೆ ಕಿವಿ ಅಲ್ಲಾಡಿಸಿತು. ಒಮ್ಮೆ ಎದ್ದು ಕೈಗೆಟುಕಿದ ಎಲೆಯೊಂದನ್ನು ಹಿಡಿದು ಮೂಸಿ ಬಿಟ್ಟುಬಿಟ್ಟಿತು. ಹಿಡಿಯುವಾಗ ಅದರ ಆರನೆಯ ಬೆರಳನ್ನು, ಮಣಿಕಟ್ಟಿನ ಮೂಳೆಯೇ ಉದ್ದವಾಗಿ ಹೆಬ್ಬೆರಳ ಕೆಲಸ ಮಾಡುವ ಆ ಗಂಟನ್ನು, ಕಾಣಬೇಕೆಂದು ಕಣ್ಣು ಕಿರಿದು ಮಾಡಿದೆ. ಆ ದೂರದಲ್ಲಿ ಅದು ಆಗದ ಮಾತು. ಬಾಲವನ್ನು ಮುಖದ ಮೇಲೆ ಎಳೆದುಕೊಂಡು ಮತ್ತೆ ಮಲಗಿತು. ನಾವು ಅಲ್ಲಿಂದ ಏಳುವವರೆಗೂ ಅದು ಮಾಡಿದ್ದು ಇಷ್ಟೇ. ಕ್ಯಾಮೆರಾ ಹಿಡಿದವರೊಬ್ಬರು ಬಂದು ಐದು ನಿಮಿಷ ನಿಂತು, ಏನೂ ಮಾಡುತ್ತಿಲ್ಲವಲ್ಲ ಎಂದು ಹೊರಟುಹೋದರು. ಅಷ್ಟು ಕಡಿಮೆ ಆದಾಯದಲ್ಲಿ ಬದುಕುವ ಪ್ರಾಣಿ ಇನ್ನೇನು ಮಾಡೀತು!

ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಫ್ರೆಡೆರಿಕ್ ಕ್ಯುವಿಯೆ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟದ್ದು 1825ರಲ್ಲಿ, ಚೀನಾದ ದೊಡ್ಡ ಪಾಂಡಾ ಪಾಶ್ಚಾತ್ಯ ವಿಜ್ಞಾನದ ಕಣ್ಣಿಗೆ ಬಿದ್ದದ್ದು 1869ರಲ್ಲಿ. ಮೊದಲ ಪಾಂಡಾ ಇದೇ. ಗೈರಿಬಾಸ್‌ನ ಕಾಡಿಗೆ ಇನ್ನೊಂದು ಕಥೆಯೂ ಇದೆ. ಡಾರ್ಜಿಲಿಂಗ್‌ನ ಪದ್ಮಜಾ ನಾಯ್ಡು ಹಿಮಾಲಯನ್ ಮೃಗಾಲಯದಲ್ಲಿ ಬೆಳೆದ ಸ್ವೀಟಿ, ಮಿನಿ ಎಂಬ ಎರಡು ಹೆಣ್ಣು ಪಾಂಡಾಗಳನ್ನು 2003ರಲ್ಲಿ ಇಲ್ಲಿ ಬಿಟ್ಟರು. ಮಿನಿ ಬೇಟೆಯಾಡುವ ಪ್ರಾಣಿಯ ಬಾಯಿಗೆ ಬಿತ್ತು. ಸ್ವೀಟಿ ಕಾಡಿನ ಗಂಡಿನೊಡನೆ ಕೂಡಿ ಮರಿ ಹಾಕಿತು.

ಬೇಟೆಯಾಡುವ ಪ್ರಾಣಿ ಎಂದರೆ ಚಿರತೆಯೂ ಹೌದು, ಹಳದಿ ಕತ್ತಿನ ಮಾರ್ಟೆನ್ನೂ ಹೌದು. ದಾಜುವಿನ ಚಿಂತೆ ಅವೆರಡರದ್ದೂ ಅಲ್ಲ, ನಾಯಿಗಳದ್ದು. ತಂಗುಮನೆಗಳ ನಾಯಿಗಳು ಚಾರಣಿಗರು ಹಾಕುವ ಬಿಸ್ಕತ್ತಿನ ಆಸೆಗೆ ಅವರ ಹಿಂದೆಯೇ ಮುಂದಿನ ತಂಗುಮನೆಯವರೆಗೆ ನಡೆದುಬರುತ್ತವೆ. ದಾರಿಯುದ್ದಕ್ಕೂ ಬಿದಿರಿನೊಳಗೆ ನುಗ್ಗಿ ಬರುತ್ತವೆ. ನಾಯಿಗಳ ಡಿಸ್ಟೆಂಪರ್ ರೋಗ ಪಾಂಡಾಗೆ ತಗುಲಿದರೆ ಉಳಿಯುವುದು ಕಷ್ಟ. ನಮ್ಮ ಹಿಂದೆಯೂ ಒಂದು ಕಪ್ಪು ನಾಯಿ ಬರುತ್ತಿತ್ತು. ಮುದ್ದಾದ ನಾಯಿ. ದಾಜು ಕಲ್ಲೆತ್ತಿಕೊಂಡು ಅದನ್ನು ಗೈರಿಬಾಸ್‌ಗೆ ವಾಪಸ್ ಅಟ್ಟಿದಾಗ ನಮ್ಮ ಗುಂಪಿನವರು ಕೆಲವರು ಮುಖ ಕಿವಿಚಿದರು. ಫೋಟೋಗಳಲ್ಲಿ ಚಾರಣದ ಗೆಳೆಯ ಎಂದು ಮೆರೆಯುವ ಈ ನಾಯಿಗಳ ವಿಷಯದಲ್ಲಿ ನಾನು ದಾಜುವಿನ ಪಕ್ಷ.

ಕಾಲಿಪೋಖ್ರಿಯ ತಂಗುಮನೆಯಲ್ಲಿ ಬೆಚ್ಚಗಿದ್ದದ್ದು ಅಡುಗೆಮನೆ ಒಂದೇ. ಒಲೆಯ ಮೇಲಿನ ಅಟ್ಟದಲ್ಲಿ ಮಾಂಸದ ಪಟ್ಟಿಗಳು, ದಾರಕ್ಕೆ ಪೋಣಿಸಿದ ಛುರ್ಪಿ, ಅಂದರೆ ಯಾಕ್–ಹಸು ಮಿಶ್ರತಳಿಯಾದ ಚೌರಿಯ ಹಾಲಿನ ಕಲ್ಲುಗಟ್ಟಿ ಗಿಣ್ಣು, ಹೊಗೆ ಕುಡಿಯುತ್ತಿದ್ದವು. ಮನೆಯೊಡತಿ ದೀದಿ ಬಿದಿರಿನ ಡಬ್ಬಿಯಲ್ಲಿ ತೊಂಗ್ಬಾ ತಂದಿಟ್ಟರು. ಹುದುಗಿಸಿದ ಕಾಳಿನ ಮೇಲೆ ಬಿಸಿನೀರು ಹೊಯ್ದು ಬಿದಿರಿನ ಕೊಳವೆಯಿಂದ ಹೀರುವ ಪಾನೀಯ. ಕಾಳನ್ನು ಬೆರಳಲ್ಲಿ ತಗೊಂಡು ದೀಪದ ಹತ್ತಿರ ಹಿಡಿದೆ. ರಾಗಿ! ಇಲ್ಲಿಯವರು ಕೋದೋ ಎನ್ನುತ್ತಾರೆ.

"ನಮ್ಮೂರಲ್ಲಿ ಇದನ್ನ ಮುದ್ದೆ ಕಟ್ಟಿ ನುಂಗ್ತೀವಿ ದೀದಿ," ಅಂದೆ.

"ಅಗಿಯೋದಿಲ್ವಾ?" ಎಂದು ಕೇಳಿ, ಒಳಗಿದ್ದ ಗಂಡನನ್ನು ಕರೆದು ಅವನಿಗೂ ಹೇಳಿ ಇಬ್ಬರೂ ನಕ್ಕರು.

ಮುಂದಿನ ಬೆಳಿಗ್ಗೆ ಬಿಖೇಭಂಜಾಂಗ್ ದಾಟಿದ ಮೇಲಿನ ಏರು ಕಡಿದು. ಬಿಖ್ ಎಂದರೆ ಅಕೋನೈಟ್, ಗೆಡ್ಡೆಯ ತುಂಬ ವಿಷವಿರುವ ಗಿಡ. ಈ ಕಾಲದಲ್ಲಿ ಅದಿನ್ನೂ ನೆಲದೊಳಗೆ. ಮರಗಳು ಬದಲಾಗಿದ್ದವು. ಓಕ್ ಹಿಂದುಳಿದು ಫರ್ ಬಂದಿತ್ತು, ಗುರಾಂಸ್‌ನ ಜಾತಿಯೂ ಬೇರೆ. ಆರ್ಬೋರಿಯಮ್ ಕಡುಗೆಂಪು ಬಿಟ್ಟು ಗುಲಾಬಿಗೆ ತಿರುಗಿ ಕಡಿಮೆಯಾಗುತ್ತ ಹೋಯಿತು. ಎಲೆತೊಟ್ಟಿನ ಮೇಲೆ ಬಿರುಸು ಕೂದಲಿನ ಬಾರ್ಬೇಟಮ್, ನಸುಗೆಂಪು ತೊಗಟೆ ಕಾಗದದ ಹಾಗೆ ಸುಲಿಯುವ ಹಾಡ್ಜ್‌ಸೋನಿ, ಇವುಗಳ ನಡುವೆ ಫಾಲ್ಕನೆರಿ. ಫಾಲ್ಕನೆರಿಯ ಎಲೆ ಒಂದು ಅಡಿಯವರೆಗೂ ಬೆಳೆಯುತ್ತದೆ. ಮೇಲ್ಭಾಗ ಕಡುಹಸಿರು, ಸುಕ್ಕು ಸುಕ್ಕು. ತಿರುಗಿಸಿದರೆ ಅಡಿಯಲ್ಲಿ ತುಕ್ಕುಬಣ್ಣದ ದಟ್ಟ ರೋಮದ ಪದರ, ಕುರುಬರ ಕಂಬಳಿಯನ್ನು ಮುಟ್ಟಿದ ಹಾಗೇ. ಎಲೆ ಉಸಿರಾಡುವ ರಂಧ್ರಗಳಿರುವುದು ಆ ಕಂಬಳಿಯ ಕೆಳಗೆ. ಇಲ್ಲಿ ಮಂಜು ಹೊದೆಯದ ದಿನವಿಲ್ಲ. ನೀರಿನ ಪೊರೆ ರಂಧ್ರಗಳನ್ನು ಮುಚ್ಚದಂತೆ ಈ ರೋಮ ಕಾಯುತ್ತದೆ ಎಂಬುದು ಒಂದು ವಿವರಣೆ. ಬಾಟಲಿಯ ನೀರನ್ನು ಅಡಿಭಾಗದ ಮೇಲೆ ಚಿಮುಕಿಸಿದೆ. ಹನಿಗಳು ದುಂಡಗೆ ನಿಂತು, ಎಲೆ ವಾಲಿಸಿದಾಗ ಉರುಳಿಹೋದವು, ಕೆಳಗಿನ ಪದರ ಒದ್ದೆಯಾಗಲಿಲ್ಲ. ಕೆನೆಬಣ್ಣದ ಗಂಟೆಹೂಗಳು ಕಾಲಿಪೋಖ್ರಿಯ ಬಳಿ ಬಿರಿದಿದ್ದವು, ಸಂದಕ್‌ಫು ಹತ್ತಿರವಾದಂತೆ ಮೊಗ್ಗು, ಇನ್ನೂ ಮೇಲೆ ಮೊಗ್ಗಿನ ಮೇಲಿನ ಪೊರೆಯೂ ಬಿಚ್ಚಿರಲಿಲ್ಲ. ಬೆಳಗಿನ ನಡಿಗೆಯೊಂದರಲ್ಲೇ ಇಷ್ಟು ವಾರಗಳು ಹಿಂದೆ ಸರಿದಿದ್ದವು.

ಸಂದಕ್‌ಫುವಿನ ಬೆಳಗಿನ ಬಗ್ಗೆ ಬರೆದವರು ಸಾಕಷ್ಟು ಜನ. ಕುಂಭಕರ್ಣ ತಲೆಯಾಗಿ, ಕಾಂಚನಜುಂಗಾ ಹೊಟ್ಟೆಯಾಗಿ ಮಲಗಿದ ಬುದ್ಧ. ಎಡಕ್ಕೆ ದೂರದಲ್ಲಿ ಮಕಾಲು, ಎವರೆಸ್ಟ್, ಲ್ಹೋತ್ಸೆ. ಜಗತ್ತಿನ ಐದು ಅತಿ ಎತ್ತರದ ಶಿಖರಗಳಲ್ಲಿ ನಾಲ್ಕು ಒಂದೇ ಕಡೆಯಿಂದ ಕಾಣುತ್ತವೆ. ಕಂಡವು. ಎವರೆಸ್ಟ್‌ಗಿಂತ ಮಕಾಲುವೇ ದೊಡ್ಡದಾಗಿ ಕಾಣುತ್ತದೆ, ಅದು ಹತ್ತಿರವಿರುವುದರಿಂದ. ಒಂಬತ್ತು ಗಂಟೆಗೆ ಕಣಿವೆಯ ಮೋಡ ಎದ್ದು ಪರದೆ ಎಳೆಯಿತು, ಜೀಪುಗಳು ಇಳಿಯತೊಡಗಿದವು.

ಅಲ್ಲಿಂದ ಫಾಲುಟ್‌ವರೆಗಿನ 21 ಕಿಲೋಮೀಟರ್ ಏಣಿನ ಬೆನ್ನಿನ ಮೇಲೇ ಸಾಗುವ ದಾರಿ, ಈ ಚಾರಣದ ಅತಿ ಚೆಂದದ ಭಾಗ ಎಂದು ನನ್ನ ಅಭಿಪ್ರಾಯ. ಹುಲ್ಲುಗಾವಲಿನ ನಡುವೆ ಸತ್ತ ಫರ್ ಮರಗಳು ಬಿಳಿಚಿ ನಿಂತಿವೆ. ಹಿಂದೆ ಬಿದ್ದ ಬೆಂಕಿ ಎಂದರು ದಾಜು. ಬುಡದಲ್ಲಿ ಇದ್ದಿಲಿನ ಕರಿ ಇನ್ನೂ ಇತ್ತು. ಇಷ್ಟು ವರ್ಷವಾದರೂ ಮರಿಗಿಡಗಳು ವಿರಳ. ಏಕೆಂದು ಕೇಳಿದಾಗ ಗಡಿಯಾಚೆಯಿಂದ ಮೇಯಲು ಬಂದ ಚೌರಿಗಳ ಕಡೆಗೆ ಅವರು ಕೈ ತೋರಿಸಿದರು. ರಾಷ್ಟ್ರೀಯ ಉದ್ಯಾನವಾದ ಮೇಲೆ ಭಾರತದ ಕಡೆಯ ಗೋಠ್‌ಗಳು, ಅಂದರೆ ಹಟ್ಟಿಗಳು, ತೆರವಾದವು. ದನಕ್ಕೆ ಗಡಿಕಂಬ ಗೊತ್ತಾಗುವುದಿಲ್ಲ. ಸಬರ್‌ಕುಮ್ ಬಳಿಯ ಗಿಡ್ಡ ರೋಡೋಡೆಂಡ್ರಾನ್‌ಗಳ ಮೇಲೆ ಬೆಂಕಿಬಾಲದ ಸೂರಕ್ಕಿ ಸಿಕ್ಕಿತು. ಗಂಡು, ಮೈಯುದ್ದಕ್ಕಿಂತ ಉದ್ದದ ಕೆಂಪು ಬಾಲ. ಹೂ ಬಿರಿದಿದ್ದ ಒಂದು ಪೊದೆಯನ್ನೇ ತನ್ನದೆಂದು ಕಾಯುತ್ತ, ಹತ್ತಿರ ಬಂದ ಇನ್ನೊಂದು ಗಂಡನ್ನು ಏಣಿನಾಚೆಗೆ, ಅಂದರೆ ಇನ್ನೊಂದು ದೇಶಕ್ಕೆ, ಓಡಿಸಿ ಬಂತು. ಫಾಲುಟ್‌ನ ಟ್ರೆಕರ್ಸ್ ಹಟ್‌ನಲ್ಲಿ ಬೆಳಗಿನ ಜಾವ ಟ್ರಾಗೋಪಾನ್ ಕೂಗಿದ್ದು ಕೇಳಿಸಿತು, ಎಳೆದೆಳೆದು ಏರುತ್ತ ಹೋಗುವ ಅಳುವಿನ ದನಿ. ಹಕ್ಕಿ ಕಾಣಲಿಲ್ಲ.

ಫಾಲುಟ್‌ನಿಂದ ಗೋರ್ಖೆಗೆ ಒಂದೇ ಸಮನೆ ಇಳಿತ, ಸಾವಿರ ಮೀಟರಿಗೂ ಮಿಕ್ಕು. ಫರ್, ಹೆಮ್‌ಲಾಕ್, ಬಿದಿರು, ಓಕ್, ಮ್ಯಾಗ್ನೋಲಿಯಾ, ಹತ್ತುವಾಗ ನಿಧಾನಕ್ಕೆ ಓದಿದ್ದೆಲ್ಲ ಇಲ್ಲಿ ತಲೆಕೆಳಗಾಗಿ ಓಡುತ್ತದೆ. ಗೋರ್ಖೆಯ ಹೊಳೆಯ ದಡದಲ್ಲಿ ಉತ್ತಿಸ್, ಅಂದರೆ ಆಲ್ಡರ್ ಮರಗಳ ನೆರಳಿನಲ್ಲಿ ದೊಡ್ಡ ಏಲಕ್ಕಿ ತೋಟಗಳಿವೆ. ಮಲೆನಾಡಿನವರು ನೋಡಿದ ಕೂಡಲೇ ಗುರುತಿಸುತ್ತಾರೆ, ಎಲೆ, ನೆರಳು, ತೇವ ಎಲ್ಲ ಅದೇ. ಆದರೆ ಕುಲ ಬೇರೆ, ಕಾಯಿ ದಪ್ಪ, ಕಂದು. ಆಲ್ಡರ್‌ನ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ, ಹಾಗಾಗಿ ತೋಟಕ್ಕೆ ಬೇರೆ ಗೊಬ್ಬರದ ಚಿಂತೆ ಕಡಿಮೆ. ಏಲಕ್ಕಿಯ ಹೂ ಬುಡದಲ್ಲಿ, ಮಣ್ಣಿಗೆ ತಾಗಿಕೊಂಡು ಬಿಡುತ್ತದೆ. ಮೊದಲ ಹಳದಿ ಹೂಗಳು ಆಗಲೇ ತೆರೆದಿದ್ದವು, ಅವುಗಳಿಗೆ ರೋಮದ ಮೈಯ ಬಂಬಲ್‌ಬೀಗಳು ಮುಗಿಬಿದ್ದಿದ್ದವು. ನಾಲಗೆ ಉದ್ದವಿದ್ದು ಮೈ ದಪ್ಪವಿರುವ ದುಂಬಿಯಾದರೆ ಮಾತ್ರ ಬೆನ್ನಿಗೆ ಪರಾಗ ಮೆತ್ತುತ್ತದೆ. ಸಣ್ಣ ಜೇನುಗಳು ಪಕ್ಕದಿಂದ ನುಸುಳಿ ಪರಾಗ ಕದ್ದು ಹೋಗುತ್ತವೆ.

ತೋಟದ ಅಂಚಿನಲ್ಲಿ ಕಲ್ಲು ಮಣ್ಣಿನ ಭಟ್ಟಿಯಿತ್ತು. ಕೊಯ್ಲಾದ ಕಾಯಿಯನ್ನು ಅದರ ಮೇಲೆ ಹರವಿ ಕೆಳಗೆ ಬೆಂಕಿ ಹಾಕಿ ಒಣಗಿಸುತ್ತಾರೆ. ಬಿರಿಯಾನಿಯಲ್ಲಿ ನಮಗೆ ಗೊತ್ತಾಗುವ ಆ ಹೊಗೆವಾಸನೆ ಅಲ್ಲಿಯದು. ಸೌದೆ ಎಲ್ಲಿಂದ ಎಂದು ದಾಜುವನ್ನು ಕೇಳಿದೆ. ತೋಟದ ಆಲ್ಡರ್‌ನ ಕೊಂಬೆ ಸವರಿದರೆ ಬಹುಪಾಲು ಸಾಕಾಗುತ್ತದೆ, ಸಾಲದ ವರ್ಷ ಮೇಲಿನಿಂದ ತರುತ್ತಾರೆ ಎಂದರು. ಮೇಲೆ ಎಂದರೆ ನಾವು ಅಂದು ಇಳಿದುಬಂದ ಕಾಡು. ತಂಗುಮನೆಗಳ ಒಲೆಗೂ ಅಲ್ಲಿಂದಲೇ, ಎಂದು ತಾವಾಗಿಯೇ ಸೇರಿಸಿದರು. ಗ್ಯಾಸ್ ಸಿಲಿಂಡರ್ ಫಾಲುಟ್‌ಗೆ ಜೀಪಿನಲ್ಲಿ ಬರುವ ಹೊತ್ತಿಗೆ ಬೆಲೆ ಎಷ್ಟಾಗುತ್ತದೆ ಗೊತ್ತಾ ಸರ್, ಅಂದರು. ನಾಳೆ ತಂಗುವ ರಮ್ಮಾಮ್‌ನಲ್ಲಿ ಬಿಸಿನೀರು ಒಂದು ಬಕೆಟ್ ಸಾಕು ಎಂದು ಗುಂಪಿಗೆ ಮೊದಲೇ ಹೇಳಿಬಿಡಿ ಅಂದರು.